ಫ್ಯಾನ್ ನಿಲ್ಲಿಸಿದ ಕೋಣೆ

ಯಾವ ಕೋಣೆಗೆ ಹೋದರೂ ಈಗ ನನ್ನ ಕಣ್ಣು ಮೊದಲು ಹೋಗುವುದು ಫ್ಯಾನಿನ ಕಡೆಗೆ. ತಿರುಗುತ್ತಿದೆಯೋ ಇಲ್ಲವೋ. ಆಮೇಲೆ ಬಾಗಿಲು. ಆಮೇಲೆ, ಬಾಗಿಲಿಗೂ ನನಗೂ ನಡುವೆ ಏನೇನು ಅಡ್ಡ ಇದೆ ಎಂಬುದು. ಇಷ್ಟನ್ನು ನೋಡಿಕೊಂಡ ಮೇಲೆಯೇ ಮನುಷ್ಯರ ಮುಖ. ಮೊನ್ನೆ ಗುರುಗ್ರಾಮದ ಆಫೀಸಿನಲ್ಲಿ ಮೀಟಿಂಗ್ ಶುರುವಾಗುವ ಮೊದಲು ಯಾರೋ ಏಸಿ ಆರಿಸಿದರು. ಸದ್ದು ನಿಂತಿದ್ದೇ ತಡ, ನಾನು ಎದ್ದು ನಿಂತಿದ್ದೆ. "ಏನಾಯ್ತು?" ಎಂದರು. "ಏನಿಲ್ಲ, ನೀರು ಕುಡಿದು ಬರ್ತೀನಿ" ಎಂದು ಹೊರಗೆ ಹೋದೆ. ನೀರಿನ ಬಾಟಲಿ ನನ್ನ ಮುಂದೆಯೇ ಇತ್ತು.

ನನ್ನ ಕೆಲಸ ಸಾಕ್ಷ್ಯಚಿತ್ರಗಳಿಗೆ ಕನ್ನಡದಲ್ಲಿ ನಿರೂಪಣೆ, ಸಬ್‌ಟೈಟಲ್ ಬರೆಯುವುದು. ಸೌರಫಲಕ, ಗಾಳಿಯಂತ್ರ, ಕಸದ ಬೆಟ್ಟ, ಯಮುನೆಯ ನೊರೆ, ಎಲ್ಲವನ್ನೂ ನಾನು ನೋಡಿರುವುದು ಪರದೆಯ ಮೇಲೆಯೇ. ಶೂಟಿಂಗಿಗೆ ಹೋಗುವವಳಲ್ಲ. ಆದರೆ ಈ ಸಲದ ಚಿತ್ರದ ಒಂದು ಭಾಗ ನಾನು ಬಾಡಿಗೆಗಿರುವ ದೆಹಲಿಯ ಮುನಿರ್ಕಾದಲ್ಲೇ ಇತ್ತು. ಹೊಗೆ ಬಿಡದ ವಾಹನಗಳ ಬಗ್ಗೆ, ಅದರಲ್ಲೂ ಇ-ರಿಕ್ಷಾ ಓಡಿಸುವ ಒಬ್ಬ ಹೆಂಗಸಿನ ಬಗ್ಗೆ. ದಿನಾ ಮೆಟ್ರೋ ಸ್ಟೇಷನ್ನಿಗೆ ನನ್ನನ್ನು ಬಿಡುತ್ತಿದ್ದವರೇ ಅವರು. ಎಲ್ಲರಂತೆ ನಾನೂ ಅವರನ್ನು ದೀದಿ ಎನ್ನುತ್ತೇನೆ. ಅವರನ್ನು ಚಿತ್ರಕ್ಕೆ ಒಪ್ಪಿಸಿದ್ದು ನಾನೇ ಆದ್ದರಿಂದ ಜೊತೆಗೆ ಹೋದೆ.

ನಾವು ಮೂವರು. ನಿರ್ದೇಶಕಿ ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದವಳು, ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು. ಕ್ಯಾಮೆರಾ ಕೂಡ ಅವಳೇ ಹಿಡಿಯುತ್ತಾಳೆ. ಸೌಂಡ್ ನೋಡಿಕೊಳ್ಳುವವನು ಮೈಸೂರಿನವನು, ನನ್ನ ಕಾಲೇಜಿನ ಗೆಳೆಯ. ಅವಳ ಕನ್ನಡವನ್ನು ಆಡಿಕೊಳ್ಳದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

ರಿಕ್ಷಾ ಬ್ಯಾಟರಿಗಳ ಚಾರ್ಜಿಂಗ್ ಕೋಣೆ ಓಣಿಯ ಒಳಗೆ, ನಾಲ್ಕು ಮಹಡಿಯ ಕಟ್ಟಡದ ನೆಲಮಟ್ಟದಲ್ಲಿತ್ತು. ಕಿಟಕಿ ಇಲ್ಲ, ಮುಂದೆ ಕಬ್ಬಿಣದ ಷಟರ್. ಗೋಡೆಗುಂಟ ಬ್ಯಾಟರಿಗಳ ಸಾಲು, ಪ್ರತಿಯೊಂದಕ್ಕೂ ಕೆಂಪು ಕಪ್ಪು ವೈರುಗಳ ಕ್ಲಿಪ್ಪು. ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನು. ಅದರ ಗದ್ದಲ ಎಷ್ಟಿತ್ತೆಂದರೆ ಗೆಳೆಯ ಹೆಡ್‌ಫೋನ್ ಹಾಕಿಕೊಂಡವನೇ ಮುಖ ಸಿಂಡರಿಸಿದ.

"ಹೆಲಿಕಾಪ್ಟರ್ ಒಳಗೆ ಇಂಟರ್‌ವ್ಯೂ ಮಾಡಿದ ಹಾಗಿದೆ" ಎಂದ.

"ಬಂದ್ ಮಾಡೋಣ ಯಾರ್" ಎಂದಳು ನಿರ್ದೇಶಕಿ. "ಭಯ್ಯಾ, ಫ್ಯಾನ್ ಬಂದ್ ಕರ್ ದೂಂ?"

ಕೋಣೆಯ ಮಾಲೀಕರು ಟೀ ಕುಡಿಯಲು ಹೊರಟಿದ್ದವರು ಆಗಲಿ ಎಂದು ಕೈಯಾಡಿಸಿದರು. ಚಳಿಗಾಲ. ಅದು ಸೆಖೆಗೆ ಹಾಕಿಸಿದ ಫ್ಯಾನು ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಅವರೂ, ದೀದಿಯೂ, ನಾವೂ. ಸ್ವಿಚ್ ಆರಿತು. ಓಣಿಯಲ್ಲಿ ಸೀರಿಯಲ್ ಓಡುತ್ತಿದ್ದ ಟಿವಿ, ತರಕಾರಿಯವನ ಕೂಗು. ಹಾಗಾಗಿ ಷಟರನ್ನೂ ಇಳಿಸಿದೆವು.

ಸಿನಿಮಾದವರಿಗೆ ಇದು ದಿನನಿತ್ಯದ ಕೆಲಸ. ಯಾರದೋ ಮನೆಗೆ ಹೋಗುತ್ತಾರೆ, ಫ್ರಿಜ್ ಆರಿಸುತ್ತಾರೆ, ಗಡಿಯಾರ ಇಳಿಸುತ್ತಾರೆ. ಆ ಮನೆಯ ಸದ್ದನ್ನೆಲ್ಲ ಹೊರಗೆ ಹಾಕಿ, ಆಮೇಲೆ ಮನೆಯವರಿಗೆ "ಸಹಜವಾಗಿ ಮಾತಾಡಿ" ಎನ್ನುತ್ತಾರೆ.

ದೀದಿ ನೀಲಿ ಸ್ವೆಟರ್ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಬಂದಿದ್ದರು. ಕಣ್ಣಿಗೆ ಆ ದೊಡ್ಡ ಕಪ್ಪು ಕನ್ನಡಕ. ರಸ್ತೆಯ ಧೂಳಿಗೆಂದು ಅವರು ಅದನ್ನು ಬೆಳಗಿನಿಂದ ಸಂಜೆಯವರೆಗೆ ತೆಗೆಯುವುದೇ ಇಲ್ಲ. ನಿರ್ದೇಶಕಿ ಕ್ಯಾಮೆರಾದಲ್ಲಿ ಕಣ್ಣಿಟ್ಟು ತಲೆಯಾಡಿಸಿದಳು.

"ದೀದಿ, ಚಷ್ಮಾ ತೆಗೀರಿ. ಅದರಲ್ಲಿ ನಾವೆಲ್ಲ ಕಾಣ್ತಾ ಇದ್ದೀವಿ."

"ಕಾಣಲಿ ಬಿಡು. ನೀವೇನು ಕಳ್ಳರಾ?"

"ನಿಮ್ಮ ಕಣ್ಣು ಕಾಣಬೇಕು ದೀದಿ. ನೋಡೋರು ನಿಮ್ಮ ಕಣ್ಣು ನೋಡಬೇಕು."

ದೀದಿ ನಕ್ಕು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ನೆನಪಿನಲ್ಲಿ ಆ ದಿನಕ್ಕೆ ಹಿಂದಕ್ಕೆ ಹೋದಾಗಲೆಲ್ಲ ಆ ಕನ್ನಡಕ ನನ್ನ ಜೇಬಿನಲ್ಲೇ ಇರುತ್ತದೆ. ಒಂದು ಸಲವೂ ಅದು ಅವರ ಮುಖದ ಮೇಲಿರುವುದಿಲ್ಲ.

ಅವರು ಚೆನ್ನಾಗಿ ಮಾತಾಡಿದರು. ಮೊದಲು ಒಂದು ಢಾಬಾದಲ್ಲಿ ತಂದೂರಿನ ಮುಂದೆ ರೊಟ್ಟಿ ಬೇಯಿಸುತ್ತಿದ್ದುದು, ಹೊಗೆಗೆ ಕೆಮ್ಮು ಹತ್ತಿದ್ದು, ಈ ಗಾಡಿ ಹೊಗೆ ಬಿಡುವುದಿಲ್ಲ ಎಂದು ಯಾರೋ ಹೇಳಿದ್ದು. "ಗಾಡಿ ತಗೊಂಡ ಮೇಲೆ ನನ್ನ ಸೊಸೆ ನಾನು ಮನೆಗೆ ಬಂದಾಗ ಮೂಗು ಮುಚ್ಚಿಕೊಳ್ಳೋದು ಬಿಟ್ಟಳು" ಎಂದರು. ಗೆಳೆಯ ನಗು ತಡೆಯಲು ತುಟಿ ಕಚ್ಚಿಕೊಂಡ. ಮಾತು ಮುಗಿಯುವ ಹೊತ್ತಿಗೆ ಕೋಣೆಯಲ್ಲಿ ಹುಳಿಹುಳಿ ವಾಸನೆ ತುಂಬಿತ್ತು. ಬ್ಯಾಟರಿ ಇರುವ ಕಡೆ ಬ್ಯಾಟರಿ ವಾಸನೆ, ಅಷ್ಟೇ ಎಂದುಕೊಂಡೆ.

ಆಮೇಲೆ ರೂಮ್ ಟೋನ್. ಮಾತಿನ ನಡುವೆ ಕತ್ತರಿಸಿದ ಕಡೆ ತೇಪೆ ಹಾಕಲು ಕೋಣೆಯ ಮೌನವನ್ನೂ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತಾರೆ. ಎಲ್ಲರೂ ಇದ್ದಲ್ಲೇ ಇರಬೇಕು, ಕೆಮ್ಮಬಾರದು, ಕಾಲು ಆಡಿಸಬಾರದು. ಗೆಳೆಯ ಕೈ ಎತ್ತಿದ. ನಾವು ನಾಲ್ವರು ಷಟರ್ ಮುಚ್ಚಿದ ಕೋಣೆಯಲ್ಲಿ ಉಸಿರು ಬಿಗಿ ಹಿಡಿದು ಕೂತೆವು. ಬ್ಯಾಟರಿಗಳ ಒಳಗೆ ಸಣ್ಣಗೆ ಗುಳುಗುಳು ಸದ್ದು, ಸೋಡಾ ಬಾಟಲಿ ತೆರೆದಿಟ್ಟ ಹಾಗೆ. ಎಷ್ಟು ಚೆನ್ನಾಗಿದೆ ಎನ್ನುವಂತೆ ಗೆಳೆಯ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಅವನು ಕೈ ಇಳಿಸಿದ. "ಚಲೋ, ಹೋ ಗಯಾ" ಎಂದಳು ನಿರ್ದೇಶಕಿ. ದೀದಿ ಎದ್ದರು. ಗಿರಾಕಿಗಳ ಹೊತ್ತಾಗುತ್ತಿತ್ತು. ತಮ್ಮ ಬ್ಯಾಟರಿಯ ಮೇಲೆ ಬಗ್ಗಿ ಕ್ಲಿಪ್ಪು ಕಿತ್ತರು.

ಕಿಡಿ ನೋಡಿದೆನೋ, ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಸದ್ದು ಮಾತ್ರ ಖಂಡಿತ. ಪಟಾಕಿಯಂತಲ್ಲ, ದೊಡ್ಡ ಹಲಗೆಯನ್ನು ನೆಲಕ್ಕೆ ಅಪ್ಪಳಿಸಿದ ಹಾಗೆ. ಬ್ಯಾಟರಿಯ ಮುಚ್ಚಳ ಸೀಳಿ ಹಾರಿತ್ತು. ಬಿಳಿ ಹೊಗೆ, ಗಂಟಲು ಸುಡುವ ವಾಸನೆ, ಮತ್ತು ದೀದಿ ಎರಡೂ ಕೈ ಮುಖಕ್ಕೆ ಒತ್ತಿಕೊಂಡು, "ಪಾನಿ, ಪಾನಿ" ಎನ್ನುತ್ತಿದ್ದರು, ಕೂಗದೆ, ತುಂಬಾ ವೇಗವಾಗಿ.

ನಾನು ಷಟರಿನ ಹತ್ತಿರ ಇದ್ದೆ. ಎತ್ತಿದೆ, ಏಳಲಿಲ್ಲ. ಒಂದು ಕಡೆ ಮಾತ್ರ ಎದ್ದು ಓರೆಯಾಗಿ ಸಿಕ್ಕಿಕೊಂಡಿತು. ಈ ಷಟರಿನ ಭಾಗವೇ ನನ್ನನ್ನು ಹೆಚ್ಚು ಸಲ ಹಿಂದಕ್ಕೆ ಎಳೆಯುವುದು. ಕನಸಿನಲ್ಲೂ ಅಲ್ಲ, ಮೆಟ್ರೋದಲ್ಲಿ ನಿಂತಿರುವಾಗ, ಹಲ್ಲುಜ್ಜುವಾಗ. ಬೆರಳಿಗೆ ತಣ್ಣನೆಯ ಕಬ್ಬಿಣ, ಹಿಂದೆ ಸಾಲಾಗಿ ಕೂತ ಉಳಿದ ಬ್ಯಾಟರಿಗಳು. ಗೆಳೆಯ ಬಂದು ಭುಜ ಕೊಟ್ಟಮೇಲೆ ಷಟರ್ ಕಿರುಚಿಕೊಂಡು ಮೇಲೆ ಹೋಯಿತು. ನಿರ್ದೇಶಕಿ ಆಗಲೇ ಮೂಲೆಯಲ್ಲಿದ್ದ ಬ್ಯಾಟರಿಗೆ ತುಂಬುವ ಶುದ್ಧ ನೀರಿನ ಕ್ಯಾನನ್ನು ಎತ್ತಿ ದೀದಿಯ ಮುಖಕ್ಕೆ ಸುರಿಯುತ್ತಿದ್ದಳು. ಖಾಲಿಯಾದ ಮೇಲೆ ಇನ್ನೊಂದು. ಓಣಿಯವರು ಪೈಪು ಎಳೆದು ತಂದರು. ಯಾರೋ ಮೇನ್ ಆರಿಸಿದರು. ಆ್ಯಸಿಡ್ ಸಿಡಿದ ದೀದಿಯ ನೀಲಿ ಸ್ವೆಟರ್ ಎದೆಯ ಮೇಲೆ ತೂತುತೂತಾಗಿ ಬಿಟ್ಟುಕೊಳ್ಳುತ್ತಿತ್ತು.

ಆಸ್ಪತ್ರೆಯಲ್ಲಿ ಎಡಗಣ್ಣಿಗೆ ಏನೂ ಆಗಿಲ್ಲ ಎಂದರು. ಬಲಗಣ್ಣಿನ ಬಗ್ಗೆ ಈಗಲೇ ಹೇಳಲಾಗದು ಎಂದರು. ಕೂಡಲೇ ನೀರು ಹಾಕಿದ್ದು ಒಳ್ಳೆಯದಾಯಿತು, ಕಾದು ನೋಡಬೇಕು. ದೀದಿಯದು ಒಂದೇ ಪ್ರಶ್ನೆ: "ಗಾಡಿ ಓಡಿಸಬಹುದಾ?" ಡಾಕ್ಟರನ್ನು ಕೇಳಿದರು, ನರ್ಸನ್ನು ಕೇಳಿದರು, ಪಕ್ಕದ ಹಾಸಿಗೆಯವರನ್ನೂ ಕೇಳಿದರು. ಚಾರ್ಜ್ ಆಗುವಾಗ ಇಂಥ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಾಡದಿದ್ದರೆ ಕೋಣೆಯಲ್ಲೇ ಸೇರಿಕೊಳ್ಳುತ್ತದೆ, ಆಮೇಲೆ ಒಂದು ಕಿಡಿ ಸಾಕು ಎಂದು ನಮಗೆ ವಿವರಿಸಿದ್ದು ಆಮೇಲೆ ಬಂದ ಒಬ್ಬ ಎಲೆಕ್ಟ್ರಿಕಲ್ ಇಂಜಿನಿಯರು. ಫ್ಯಾನು ಸೆಖೆಗಲ್ಲ.

ನಿರ್ದೇಶಕಿ ದಿನಾ ಆಸ್ಪತ್ರೆಗೆ ಬಂದಳು. ಒಂದು ದಿನ ಹಾಸಿಗೆಯ ಪಕ್ಕ ಕೂತವಳು ಅತ್ತುಬಿಟ್ಟಳು.

"ಅಳಬೇಡ ಬೇಟಾ" ಎಂದರು ದೀದಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ. "ಇಲ್ಲಿ ನನ್ನ ಕಣ್ಣಿಗೆ ನೀರು ಹಾಕಿ ಹಾಕಿ ನರ್ಸುಗಳಿಗೇ ಸಾಕಾಗಿದೆ. ಇನ್ನು ನಿನ್ನದು ಬೇರೆ."

ಕೆಲಸ ನಿಲ್ಲುವಂತಿರಲಿಲ್ಲ. ಆ ಇಂಟರ್‌ವ್ಯೂಗೆ ಕನ್ನಡ ಸಬ್‌ಟೈಟಲ್ ಹಾಕಲು ಗುರುಗ್ರಾಮದ ಎಡಿಟಿಂಗ್ ಕೋಣೆಯಲ್ಲಿ ಕೂತೆ. ಸೊಸೆ ಮೂಗು ಮುಚ್ಚಿಕೊಳ್ಳುವ ಸಾಲಿಗೆ ಸರಿಯಾದ ಕನ್ನಡ ಸಿಕ್ಕಿತು. ಮುಂದೆ ಹೋದೆ. ಪರದೆಯ ಕೆಳಗೆ ಸದ್ದು ಗೆರೆಯಾಗಿ ಕಾಣುತ್ತದೆ: ಮಾತಿದ್ದ ಕಡೆ ಏರಿಳಿತ, ರೂಮ್ ಟೋನ್ ಇದ್ದ ಕಡೆ ಬಹುತೇಕ ಸಪಾಟು. ಅದರ ತುದಿಯಲ್ಲಿ, ಗೆಳೆಯ ಯಂತ್ರ ಆರಿಸಲು ಮರೆತಿದ್ದರಿಂದ, ಮೇಲಿನಿಂದ ಕೆಳಗಿನವರೆಗೆ ಕಪ್ಪಗೆ ಒಂದು ಕಂಬ. ಕಿವಿ ಕೇಳದವರಿಗಾಗಿ ಸದ್ದುಗಳನ್ನೂ ಬರೆಯಬೇಕಾಗುತ್ತದೆ. ಸಪಾಟು ಗೆರೆಯ ಕೆಳಗೆ "ಮೌನ" ಎಂದು ಟೈಪ್ ಮಾಡಿದೆ. ಅಳಿಸಿದೆ. ಅಲ್ಲಿ ಮೌನ ಇರಲಿಲ್ಲ, ಗುಳುಗುಳು ಇತ್ತು. ಮತ್ತೆ ಕೇಳಿದೆ. ಕಂಬದ ಹತ್ತಿರ ಬರುತ್ತಿದ್ದಂತೆ ಹೆಡ್‌ಫೋನ್ ಕಿತ್ತೆ. ಮತ್ತೆ ಹಾಕಿದೆ. ಇಡೀ ಮಧ್ಯಾಹ್ನ ಹೀಗೇ.

"ಇದನ್ನ ಹಾಕೋದು ಬೇಡ" ಎಂದಳು ನಿರ್ದೇಶಕಿ ಬಾಗಿಲಲ್ಲಿ ನಿಂತು. "ಪೂರಾ ಇಂಟರ್‌ವ್ಯೂನೇ ಬೇಡ. ಅವರು ಸರಿ ಹೋಗಲಿ, ಅವರು ಹಾಂ ಅಂದ್ರೆ ಮತ್ತೆ ಮಾಡೋಣ. ಇಲ್ಲಾಂದ್ರೆ ನಹೀಂ."

ದೀದಿ ಹಾಂ ಎಂದರು. ಬಲಗಣ್ಣಿನಲ್ಲಿ ಮಂಜು ಉಳಿಯಿತು, ಆದರೆ ಹಗಲಿನಲ್ಲಿ ಓಡಿಸಬಹುದು ಎಂದು ಡಾಕ್ಟರು ಒಪ್ಪಿದ್ದರು. ಕತ್ತಲಾಗುವ ಮುಂಚೆ ಮನೆ ಸೇರಬೇಕು. ಅವರು ಹಾಕಿದ ಷರತ್ತು ಎರಡು. "ಗಾಡಿಯ ಹೆಸರು ಕೆಡಿಸಬೇಡಿ. ಮತ್ತೆ ಈ ಸಲ ಚಷ್ಮಾ ತೆಗೆಯಲ್ಲ."

"ತೆಗೀಬೇಡಿ ದೀದಿ" ಎಂದಳು ನಿರ್ದೇಶಕಿ.

ಅದೇ ಕೋಣೆ. ಈಗ ಷಟರನ್ನು ಮೇಲೆ ಕೊಕ್ಕೆ ಹಾಕಿ ತಂತಿಯಲ್ಲಿ ಬಿಗಿದಿದ್ದಾರೆ, ಇಳಿಯುವುದೇ ಇಲ್ಲ. ಒಂದಿದ್ದ ಕಡೆ ಎರಡು ಫ್ಯಾನು. ಗೆಳೆಯ ಹೆಡ್‌ಫೋನ್ ಹಾಕಿಕೊಂಡು ಫ್ಯಾನುಗಳನ್ನು ನೋಡಿದ, ನಮ್ಮನ್ನು ನೋಡಿದ.

"ಎರಡು ಹೆಲಿಕಾಪ್ಟರ್" ಎಂದ. ಯಾರೂ ಸ್ವಿಚ್ಚಿನ ಕಡೆ ಹೋಗಲಿಲ್ಲ.

ದೀದಿ ಮಾತಾಡಿದರು. ತೆರೆದ ಷಟರಿನಾಚೆ ತರಕಾರಿಯವನೂ ಮಾತಾಡಿದ. ಕಪ್ಪು ಕನ್ನಡಕದ ಎರಡು ಗಾಜಿನಲ್ಲೂ ನಾವು ಮೂವರು ಚಿಕ್ಕದಾಗಿ ಕಾಣುತ್ತಿದ್ದೆವು. ಕ್ಯಾಮೆರಾ, ಮೈಕಿನ ಕೋಲು, ಅಂಚಿನಲ್ಲಿ ಕೂರಲಾರದೆ ನಿಂತಿದ್ದ ನಾನು. ಸೊಸೆಯ ಮಾತು ಈ ಸಲ ಬರಲಿಲ್ಲ. ಬದಲಿಗೆ ಅವರು ಅಂದು ನಡೆದದ್ದನ್ನು ಹೇಳಿದರು, ನೇರವಾಗಿ, ಚುಟುಕಾಗಿ. ಕೊನೆಗೆ, "ಗಾಡಿ ತಪ್ಪಲ್ಲ. ಅದಕ್ಕೂ ಗಾಳಿ ಬೇಕು" ಎಂದರು. ಅದನ್ನು ಕನ್ನಡಕ್ಕೆ ಮಾಡುವುದು ಕಷ್ಟವಾಗಲಾರದು ಎಂದುಕೊಂಡೆ. ಕೈ ಮಾತ್ರ ಜೇಬಿನೊಳಗೆ ಆ ಕನ್ನಡಕವನ್ನೇ ಹುಡುಕುತ್ತಿತ್ತು, ಅದು ಎದುರಿಗೆ ಅವರ ಮುಖದ ಮೇಲಿದ್ದರೂ.

ಮಾತು ಮುಗಿಯಿತು. ದೀದಿ ಎದ್ದು ಮೊದಲು ಬೋರ್ಡಿನಲ್ಲಿ ಚಾರ್ಜರಿನ ಸ್ವಿಚ್ ಆರಿಸಿದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ಮುಖ ಒಂದಿಷ್ಟು ಬಲಕ್ಕೆ ತಿರುಗಿಸಿ, ಒಳ್ಳೆಯ ಕಣ್ಣಿನಿಂದ ನೋಡುತ್ತಾ, ಬ್ಯಾಟರಿಯ ಮೇಲೆ ಬಗ್ಗಿದರು. ಕ್ಲಿಪ್ಪಿಗೆ ಕೈ ಹಾಕುವ ಮುಂಚೆ ನನಗೆಂದೇ ಹೇಳಿದರು: "ಬೇಟಾ, ನೀನು ಬೇಕಾದರೆ ಹೊರಗೆ ನಿಲ್ಲು."

ನಾನು ಆಗಲೇ ಓಣಿಯಲ್ಲಿದ್ದೆ. ಯಾವಾಗ ಹೊರಗೆ ಬಂದೆನೋ ಗೊತ್ತಿಲ್ಲ. ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಅವರ ಕೈಯನ್ನೇ ನೋಡುತ್ತಿದ್ದೆ. ಕ್ಲಿಪ್ಪು ಬಿಟ್ಟಿತು. ಏನೂ ಆಗಲಿಲ್ಲ. ಫ್ಯಾನುಗಳು ತಿರುಗುತ್ತಿದ್ದವು.

"ಕೂತ್ಕೋ" ಎಂದರು ದೀದಿ, ಬ್ಯಾಟರಿಯನ್ನು ಗಾಡಿಗೆ ಜೋಡಿಸಿ. "ಸ್ಟೇಷನ್‌ಗೆ ಬಿಡ್ತೀನಿ. ಇನ್ನೂ ಬೆಳಕಿದೆ."

ಕೂತೆ. ಗಾಡಿ ಸದ್ದಿಲ್ಲದೆ ಓಣಿಯಿಂದ ಹೊರಟಿತು. ಆ ಸದ್ದಿಲ್ಲದಿರುವುದನ್ನೇ ನಾನು ದಾರಿಯುದ್ದಕ್ಕೂ ಕಿವಿಗೊಟ್ಟು ಕೇಳುತ್ತಿದ್ದೆ.