ಬೆಣ್ಣೆ ಗಾಡಿಯ ಪೆಟ್ರೋಲ್ ವಾಸನೆ

ನಮ್ಮೂರಿಗೆ ಹಾಲಿನ ಡೈರಿ ಇನ್ನೂ ಬಂದಿರದ ಕಾಲ ಅದು. ಹಾಲು ಮಿಕ್ಕವರೆಲ್ಲ ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತಿದ್ದರು. ಅರಕಲಗೂಡು ಕಡೆಯ ನಮ್ಮ ಹಳ್ಳಿಯಲ್ಲಿ ಆ ಬೆಣ್ಣೆಯನ್ನು ಸೇರಿಸಿ ಹಾಸನದ ಒಂದು ಸಿಹಿತಿಂಡಿ ಅಂಗಡಿಗೆ ಕೊಡುತ್ತಿದ್ದವಳು ನಮ್ಮವ್ವ. ಗುರುವಾರ ಬೆಳಿಗ್ಗೆ ನಮ್ಮ ಜಗಲಿಯ ತುಂಬ ಮಜ್ಜಿಗೆಯ ಹುಳಿ ಘಮ. ಹೆಂಗಸರು ಬಾಳೆ ಎಲೆಯಲ್ಲಿ ಬೆಣ್ಣೆ ಮುದ್ದೆ ತಂದಿಟ್ಟು, ಅವ್ವ ಮೂಸಿ ತಲೆಯಾಡಿಸುವವರೆಗೂ ಕಾಯುತ್ತಿದ್ದರು. ಅವ್ವನ ಮೂಗು ಒಪ್ಪಿತೆಂದರೆ ಊರೇ ಒಪ್ಪಿದ ಹಾಗೆ. ನನಗಂತೂ ಅವಳ ಬೆರಳ ತುದಿಗೆ ಅಂಟಿದ ಚೂರಿನ ಮೇಲೆಯೇ ಕಣ್ಣು.

ಸಾಗಿಸುವುದಕ್ಕೆ ಅಪ್ಪನ ಪಿಕಪ್ ಇತ್ತು. ಯಾರೋ ಓಡಿಸಿ ಸಾಕಾಗಿ ಮಾರಿದ್ದ ಹಳೆಯ ಪೆಟ್ರೋಲ್ ಗಾಡಿ. ಹಿಂದುಗಡೆ ಮರದ ಹಲಗೆ ಜೋಡಿಸಿದ್ದರು. ಬಿಸಿಲಿಗೆ ಬೆಣ್ಣೆ ಕರಗಬಾರದೆಂದು ಅವ್ವ ಹಲಗೆಯ ಮೇಲೆ ಗೋಣಿಚೀಲ ಹಾಸಿ, ಪಾತ್ರೆಗಳನ್ನಿಟ್ಟು, ಸುತ್ತಲೂ ಒಂದು ಕೊಡ ನೀರು ಸುರಿಯುತ್ತಿದ್ದಳು. ಗೊರೂರಿನಲ್ಲಿ ಗಾಡಿ ನಿಲ್ಲಿಸಿ ಮತ್ತೊಂದು ಕೊಡ. ಹಾಸನ ಮುಟ್ಟುವವರೆಗೂ ಗಾಡಿಯ ಅಡಿಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು.

ಒಂದು ಬೇಸಿಗೆಯಲ್ಲಿ ಆ ವಾಸನೆ ಶುರುವಾಯಿತು. ಅಂಗಡಿಯ ಯಜಮಾನರು ಪಾತ್ರೆಯ ಎಲೆ ಸರಿಸಿ ಮುಖ ಹಿಂದಕ್ಕೆ ತೆಗೆದರು.

"ಬೆಣ್ಣೆ ಪೆಟ್ರೋಲ್ ವಾಸ್ನೆ ಹೊಡೀತಾ ಇದೆ ಕಣಮ್ಮ. ಮುಂದಿನ ವಾರಾನೂ ಹಿಂಗೇ ಇದ್ರೆ ತರ್ಬೇಡಿ."

ಅಪ್ಪ ಆ ವಾರವೆಲ್ಲ ಗಾಡಿಯ ಕೆಳಗೇ ಮಲಗಿದ್ದ. ಹೊಳೆನರಸೀಪುರದಿಂದ ಬಂದ ಮೆಕ್ಯಾನಿಕ್ ಪೈಪು ಬದಲಾಯಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಸೋರುವುದು ನಿಲ್ಲಲೆಂದು ಅಪ್ಪ ಬಟ್ಟೆ ಸೋಪನ್ನು ನಾದಿ ಟ್ಯಾಂಕಿನ ಅಡಿಯ ಬೆಸುಗೆಗೆಲ್ಲ ಮೆತ್ತಿದ. ಆಮೇಲೆ ನನ್ನನ್ನು ಕರೆದ.

"ನಿಂಗೆ ನಿಮ್ಮವ್ವನ್ ಮೂಗು ಬಂದೈತೆ. ಮೂಸು ಮಗ, ಬತ್ತೈತಾ?"

"ಇಲ್ಲ ಕಣಪ್ಪ. ಸೋಪಿನ್ ವಾಸ್ನೆ ಬತ್ತೈತೆ."

ಮನೆ ಮುಂದೆ ನಿಂತಾಗ ಗಾಡಿ ಬಲು ಸಾಧು. ವಾಸನೆ ಬರುತ್ತಿದ್ದುದು ಗುರುವಾರ, ಅದೂ ದಾರಿಯಲ್ಲಿ. ಅವ್ವ ಅದಕ್ಕೆ ಇನ್ನಷ್ಟು ನೀರು ಸುರಿಯುವುದೇ ಮದ್ದೆಂದು ನಂಬಿದಳು. "ತಣ್ಣಗಿದ್ರೆ ವಾಸ್ನೆ ಮ್ಯಾಕೆ ಏಳಕಿಲ್ಲ," ಅಂದಳು.

ಗುರುವಾರ ಬಂತು. ಪ್ರತಿ ವಾರದಂತೆ ಅರಕಲಗೂಡಿನಲ್ಲಿ ಟ್ಯಾಂಕ್ ತುಂಬಿಸಿದೆವು. ಅವ್ವ ಮುಂದೆ ಅಪ್ಪನ ಪಕ್ಕ, ನಾನು ಹಿಂದುಗಡೆ ಬೆಣ್ಣೆಯ ಜೊತೆ ಕೂತೆ. ಗೊರೂರು ದಾಟಿ ಗಾಡಿ ಏರು ಹತ್ತಿದಾಗ ನನ್ನ ಕಾಲ ಕೆಳಗಿಂದಲೇ ವಾಸನೆ ಗಪ್ಪನೆ ಬಂತು. ಕ್ಯಾಬಿನ್ನಿಗೆ ಪಟಪಟ ಬಡಿದೆ.

ಅಪ್ಪ ಪಾತ್ರೆಗಳನ್ನು ಇಳಿಸಿ, ಚೀಲ ಎತ್ತಿ, ಹಲಗೆ ಕಿತ್ತ. ಅದರ ನೇರ ಕೆಳಗೇ ಟ್ಯಾಂಕು. ಅದರ ನೆತ್ತಿಯೆಲ್ಲ ತುಕ್ಕು. ಅಪ್ಪ ಬೆರಳಿಟ್ಟು ಒತ್ತಿದ. ಹಪ್ಪಳ ಮುರಿದ ಹಾಗೆ ಮುರಿದು ಬೆರಳು ಒಳಗೆ ಹೋಯಿತು.

"ನೀರು ಕಣೇ," ಅಂದ ಅವ್ವನಿಗೆ. "ಇಷ್ಟ್ ವರ್ಸ ಸುರ್ದಿದ್ದೆಲ್ಲ ಇದ್ರ ಮ್ಯಾಕೇ ನಿಂತೈತೆ. ಟ್ಯಾಂಕ್ ತುಂಬ್ಸಿ ಏರು ಅತ್ತಿದ್ರೆ ಪೆಟ್ರೋಲು ಇಲ್ಲಿಂದ ಉಕ್ತೈತೆ, ಚೀಲ ಈರ್ಕತೈತೆ. ನಾನು ಅಡೀಲಿ ಉಡುಕ್ತಾ ಕುಂತಿದ್ದೆ."

ಅವ್ವ ಕೈಯಲ್ಲಿದ್ದ ಗೋಣಿಚೀಲವನ್ನು ಮೂಸಿದಳು. ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ.

"ಬೆಣ್ಣೆ ಕೆಡಬಾರ್ದು ಅಂತ ಉಯ್ದೆ," ಅಂದಳು.

ಅಂಗಡಿಯವರು ಅವತ್ತು ಎಲೆ ಸರಿಸಿ, ಮತ್ತೆ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಅವ್ವ ಎರಡು ಮಾತು ತಿರುಗಿ ಆಡುತ್ತಿದ್ದಳು, ಮನಸ್ಸಾದರೂ ಹಗುರವಾಗುತ್ತಿತ್ತು. ವಾಪಸು ತಂದ ಬೆಣ್ಣೆಯನ್ನು ಕಾಯಿಸಿದರೆ ತುಪ್ಪಕ್ಕೂ ಅದೇ ವಾಸನೆ. ದೇವರ ದೀಪಕ್ಕೂ ಬರಲಿಲ್ಲ.

ಅಪ್ಪ ಬೇರೆ ಟ್ಯಾಂಕ್ ಹಾಕಿಸಿದ, ಹಲಗೆ, ಚೀಲ ಎಲ್ಲ ಹೊಸದು ತಂದ. ಬೆಣ್ಣೆ ತಂದ ಹೆಂಗಸರು ಜಗಲಿಯಲ್ಲಿ ಕಾದು ನಿಂತರು. ಅವ್ವ ಒಂದು ಮುದ್ದೆ ಮೂಸಿದಳು, ಇನ್ನೊಂದು ಮೂಸಿದಳು. ಯಾವುದಕ್ಕೂ ತಲೆಯಾಡಿಸಲಿಲ್ಲ.

"ಬತ್ತೈತೆ," ಅಂದಳು.

ಗಾಡಿ ಹತ್ತದ ಬೆಣ್ಣೆ ಅದು. ನಾನು ಮೂಸಿದೆ. ಹೊಸ ಬೆಣ್ಣೆಯ ಘಮವಲ್ಲದೆ ಬೇರೇನೂ ಇರಲಿಲ್ಲ. "ಇಲ್ಲ ಕಣವ್ವ," ಅಂದೆ. ಅವಳು ಒಪ್ಪಲಿಲ್ಲ. ಮುಂದಿನ ವಾರವೂ ಒಪ್ಪಲಿಲ್ಲ. ಹೆಂಗಸರು ಬರುವುದನ್ನು ಬಿಟ್ಟರು. ಪಿಕಪ್ ಗುಜರಿಗೆ ಹೋಯಿತು. ಡೈರಿ ಬಂದ ಮೇಲೆ ಕಡೆಗೋಲುಗಳೆಲ್ಲ ಅಟ್ಟ ಸೇರಿದವು.

ನಾನೀಗ ಚನ್ನರಾಯಪಟ್ಟಣದಲ್ಲಿ ಮೇಷ್ಟ್ರುಗಿರಿ ಮಾಡಿಕೊಂಡಿದ್ದೇನೆ. ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಯಾರಾದರೂ ನೆಂಟರು ಮನೆಯಲ್ಲಿ ಕಡೆದ ಬೆಣ್ಣೆ ತಂದುಕೊಟ್ಟರೆ ಮೂಸಿ, ಮೆಲ್ಲಗೆ ನನ್ನ ಕಡೆ ಸರಿಸುತ್ತಾಳೆ. ನಾನೂ ಈಗ ವಾಸನೆ ಇಲ್ಲ ಎನ್ನುವುದಿಲ್ಲ. ಫ್ರಿಜ್ಜಿನಿಂದ ಅಂಗಡಿಯ ಪ್ಯಾಕೆಟ್ ಬೆಣ್ಣೆ ತೆಗೆದು ಅವಳ ರೊಟ್ಟಿಗೆ ಹಚ್ಚುತ್ತೇನೆ. ಅವಳು ಅದನ್ನೂ ಮೂಸುತ್ತಾಳೆ.

"ಇದ್ರಲ್ಲಿ ಯಾವ್ ವಾಸ್ನೇನೂ ಇಲ್ಲ," ಎಂದು ನೆಮ್ಮದಿಯಾಗಿ ತಿನ್ನುತ್ತಾಳೆ.