ಸೋಮವಾರದ ಒಪ್ಪತ್ತು

ಸುಳ್ಳು ಹೇಳುವುದರಲ್ಲಿ ನನ್ನದು ಎತ್ತಿದ ಕೈ. ತಮ್ಮನಿಗೆ ಹೆಣ್ಣು ಹುಡುಕಲು ಶುರು ಮಾಡಿದ ಮೇಲಂತೂ ನಾಲಿಗೆ ಇನ್ನಷ್ಟು ಪಳಗಿತು. ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಮಗ್ಗಗಳಿವೆ. ಮಗ್ಗದ ಮನೆಗೆ ಹೆಣ್ಣು ಕೊಡಲು ಈಗ ಜನ ಮೂಗು ಮುರಿಯುತ್ತಾರೆ. ತಂದೆ ತಾಯಿ ಇಲ್ಲದ ತಮ್ಮನಿಗೆ ಮೂವತ್ತೆರಡು ದಾಟಿತ್ತು. ಅಂತೂ ಮಹಾಲಿಂಗಪುರದ ಒಂದು ಸಂಬಂಧ ಕೂಡಿಬರುವಂತಿತ್ತು. ಹುಡುಗಿಯ ಸೋದರಮಾವ ಬುಧವಾರ ಮನೆ ನೋಡಲು ಬರುವವರಿದ್ದರು. ಆ ದಿನ ಅಮಾವಾಸ್ಯೆ ಎಂದು ಯಾರೋ ನೆನಪಿಸಿದ್ದರಿಂದ ಸೋಮವಾರವೇ ಹೊರಟು, ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದರು.

ನಾನು ಶಿರಾಕ್ಕೆ ರವೆ ಹುರಿಯುತ್ತಿದ್ದೆ. ಬೀಳಗಿ ಕಡೆ ಗೆಳೆಯನ ತೋಟಕ್ಕೆ ಹೋಗಿದ್ದ ತಮ್ಮ ಆಗಲೇ ಒಳಗೆ ಬಂದು ಗೋಡೆ ಹಿಡಿದು ನಿಂತ. ಕಣ್ಣು ಅರಳಿದ್ದವು, ಅಂಗಿ ಬೆವರಿನಿಂದ ತೊಯ್ದಿತ್ತು.

“ಅಕ್ಕಾ, ಎದಿ ಭಾಳ ಹೊಡ್ಕೊಳ್ಳಾಕತ್ತೈತಿ. ನಿಲ್ಲವಲ್ದು.”

“ಏನ್ ಕುಡದ್ ಬಂದೀ?”

“ಕುಡದಿಲ್ಲ. ಗೆಳ್ಯಾ ಗೋವಾದಿಂದ ಎಲ್‌ಎಸ್‌ಡಿ ಅಂತ ನಶೆದ್ದು ತಂದಿದ್ದ. ಉಗುರಿನಷ್ಟ ಕಾಗದ. ನಾಲಿಗಿ ಮ್ಯಾಲ ಇಟ್ಕೊಂಡೆ. ಯಾರ ಮುಂದೂ ಹೇಳಬ್ಯಾಡ.”

ಕೈಯಲ್ಲಿದ್ದ ಸವುಟಿನಿಂದ ಬಾರಿಸಬೇಕೆನ್ನಿಸಿತು. ಆದರೆ ಅತಿಥಿಗಳು ದಾರಿಯಲ್ಲಿದ್ದರು. ಲಿಂಬೆ ಶರಬತ್ತು ಕುಡಿಸಿ, ಇಸ್ತ್ರಿ ಅಂಗಿ ತೊಡಿಸಿ ಪಡಸಾಲೆಯಲ್ಲಿ ಕೂರಿಸಿದೆ. ಬಂದವರು ಶಿರಾದ ತಟ್ಟೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವನು ಎದೆ ಒತ್ತಿಕೊಂಡು ಕುಸಿದ. ಸೋದರಮಾವನೇ ಅವನ ಕಂಕುಳಿಗೆ ಕೈಹಾಕಿ ಓಣಿಯ ಡಾಕ್ಟರರ ತನಕ ಕರೆತಂದರು.

“ಏನರೆ ತಗೊಂಡಾರೇನ್ರಿ?” ಡಾಕ್ಟರು ಕೇಳಿದರು.

ಸೋದರಮಾವ ನನ್ನ ಪಕ್ಕದಲ್ಲೇ ನಿಂತಿದ್ದರು.

“ಏನಿಲ್ರೀ. ಸೋಮವಾರ ಒಪ್ಪತ್ತು ಮಾಡ್ತಾನ. ಮುಂಜಾನಿಂದ ಹೊಟ್ಟಿಗಿ ಏನೂ ಇಲ್ಲ,” ಎಂದೆ.

“ಈ ಕಾಲದಾಗ ಒಪ್ಪತ್ತು ಮಾಡೋ ಹುಡುಗ್ರು ಎಲ್ಲಿ ಸಿಗತಾರ್ರೀ,” ಎಂದರು ಸೋದರಮಾವ. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಡಾಕ್ಟರು ನಿಶ್ಶಕ್ತಿ ಎಂದುಕೊಂಡು ಸಲೈನ್ ಹಚ್ಚಿದರು. ತಮ್ಮ ನನ್ನ ಕಡೆಗೇ ನೋಡುತ್ತಿದ್ದ. ಅವನ ಮಾತು ಉಳಿಸಿದೆನೆಂಬ ಸಮಾಧಾನವೋ, ಹೇಳಿಬಿಡು ಎಂಬ ಬೇಡಿಕೆಯೋ, ನಾನು ಕೇಳಲಿಲ್ಲ. ಕಾಲು ಒತ್ತುತ್ತ ಕುಳಿತೆ. ಎರಡು ಬಾಟಲಿ ಖಾಲಿಯಾದರೂ ಎದೆನೋವು ಕಡಿಮೆಯಾಗಲಿಲ್ಲ.

ಜಮಖಂಡಿಯ ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಲ್ಲಿ ಇಸಿಜಿ ತೆಗೆದು ಹಾರ್ಟ್ ಅಟ್ಯಾಕ್ ಎಂದರು. ಆಗ ಬಾಯಿಬಿಟ್ಟೆ. ಅಂಥ ನಶೆ ರಕ್ತದ ಒತ್ತಡ ಏರಿಸುತ್ತದೆ, ಎದೆಬಡಿತ ತಪ್ಪಿಸುತ್ತದೆ, ಕೆಲವರಲ್ಲಿ ಹೃದಯದ ರಕ್ತನಾಳವನ್ನೇ ಬಿಗಿಯಬಹುದು ಎಂದು ಅಲ್ಲಿಯ ಡಾಕ್ಟರು ತಿಳಿಸಿದರು.

“ಮೊದ್ಲ ಹೇಳಿದ್ರ ನಿಮ್ಮ ಓಣಿ ಡಾಕ್ಟರು ಆಗಲೇ ಇಲ್ಲಿಗಿ ಕಳಸ್ತಿದ್ರು,” ಎಂದಷ್ಟೇ ಹೇಳಿದರು, ಬೈಯಲಿಲ್ಲ.

ತಮ್ಮ ಉಳಿದ. ಆದರೆ ಹೃದಯದ ಒಂದು ಭಾಗ ಕೆಲಸ ಮಾಡುವುದಿಲ್ಲ. ಮಗ್ಗದ ಮುಂದೆ ಹತ್ತು ನಿಮಿಷ ನಿಂತರೆ ಏದುಸಿರು ಬಿಡುತ್ತಾನೆ. ಕಾಗದ ನಾಲಿಗೆಗಿಟ್ಟ ತಪ್ಪು ಅವನದು, ಒಪ್ಪುತ್ತೇನೆ. ಕಳೆದುಹೋದ ಆ ಮಧ್ಯಾಹ್ನ ಮಾತ್ರ ನನ್ನ ತಪ್ಪು.

ತಿಂಗಳ ನಂತರ ಸೋದರಮಾವ ಅವನನ್ನು ನೋಡಲು ಬಂದರು. ಸಂಬಂಧ ಆಗಲೇ ಮುರಿದಿತ್ತು, ವಿಷಯವೂ ಅವರಿಗೆ ತಿಳಿದಿತ್ತು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಹೇಳಿದರು:

“ತಂಗೆವ್ವಾ, ಅವತ್ತ ಡಾಕ್ಟರ ಮುಂದ ಒಂಚೂರು ಹೊರಗ ಹೋಗ್ರಿ ಅಂದಿದ್ರ ನಾ ಹೋಗತಿದ್ನಲ್ಲ.”