ಒಂದು ಹಿಡಿ ಹುರಿದ ಗೋಧಿ

…ಇಲ್ಲ, ಒಲೆ ಉರಿಯುತ್ತಿರಲಿಲ್ಲ. ಬೂದಿ ತಣ್ಣಗಿತ್ತು, ಕೈಯಿಟ್ಟು ನೋಡಿದ್ದೆ. ಆದರೆ ಕೈಯಿಟ್ಟಿದ್ದು ಮಲಗುವ ಮೊದಲೋ, ಆ ಸದ್ದು ಕೇಳಿದ ಮೇಲೋ? ನೆನೆದಾಗಲೆಲ್ಲ ಆ ರಾತ್ರಿ ತನ್ನ ಸಾಮಾನುಗಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ಡಬ್ಬಿ ಮಾತ್ರ ಅಡುಗೆಮನೆಯ ಮೇಲಿನ ಕಪಾಟಿನಲ್ಲೇ ಇದೆ. ನನ್ನ ನೆನಪನ್ನು ನಂಬಬೇಡಿ. ಡಬ್ಬಿಯನ್ನು ನಂಬಿ. ಇದು ನಡೆದದ್ದು.

ಲಿವರ್‌ಮೋರ್‌ನ ದ್ರಾಕ್ಷಿತೋಟಗಳನ್ನು ದಾಟಿ ಗುಡ್ಡಗಳೊಳಗೆ ಮುಕ್ಕಾಲು ಗಂಟೆ ಹೋದರೆ ಫೋನಿನ ಸಿಗ್ನಲ್ಲು ಸಾಯುತ್ತದೆ. ಅಲ್ಲೊಂದು ಹಳೆಯ ಮನೆ. ಮನೆಯೂ ಕೊಟ್ಟಿಗೆಯೂ ಒಂದೇ ಸೂರಿನಡಿ. ನೂರು ವರ್ಷಕ್ಕೂ ಹಿಂದೆ ರಷ್ಯಾದ ಬಯಲಿನಿಂದ ಬಂದ ಮೆನೊನೈಟ್ ಕುಟುಂಬ ಕಟ್ಟಿದ್ದು. ಮೆನೊನೈಟರೆಂದರೆ ಯುದ್ಧಕ್ಕೆ ಹೋಗದ, ಆಣೆ ಇಡದ, ಹೊಡೆದವರ ಮೇಲೆ ಕೈಯೆತ್ತದ ಕ್ರೈಸ್ತರು. ಈಗ ಆ ವಂಶದ ಮುದುಕ ಪೀಟರ್ ಅದನ್ನು ನೋಡಿಕೊಳ್ಳುತ್ತಾನೆ. ಶನಿವಾರ ಸುತ್ತಲ ಊರುಗಳಿಂದ ಜನ ತಾವಾಗಿಯೇ ಬಂದು ಬೇಲಿ ಕಟ್ಟುತ್ತಾರೆ, ಹೊಲ ಹದ ಮಾಡುತ್ತಾರೆ.

ನನ್ನ ಗಂಡ ಗಿರೀಶ ಅವರಲ್ಲೊಬ್ಬ. ವಾರವೆಲ್ಲ ಮೌಂಟನ್ ವ್ಯೂ ಊರಿನ ಸಾಫ್ಟ್‌ವೇರ್ ಆಫೀಸಿನಲ್ಲಿ ಸ್ಕ್ರೀನು, ಶನಿವಾರ ಮಣ್ಣು. ಮೊದಮೊದಲು ನನಗೂ ಒಳ್ಳೆಯದೇ ಅನಿಸಿತ್ತು.

ಆಮೇಲೆ ಕತರೀನಾ ಶುರುವಾದಳು.

ಕತರೀನಾ ಪೀಟರನ ಮುತ್ತಜ್ಜಿ. ರಷ್ಯಾ ಬಿಡುವ ಮೊದಲು, ಎಂಟು ವರ್ಷದ ಹುಡುಗಿ, ತಾಯಿಯೊಡನೆ ಕೂತು ಬೀಜದ ಗೋಧಿಯನ್ನು ಒಂದೊಂದೇ ಕಾಳಾಗಿ ಆರಿಸಿ ಪೆಟ್ಟಿಗೆ ತುಂಬಿದ್ದಳಂತೆ. ಇಲ್ಲಿಗೆ ಬಂದ ಮೇಲೂ ಬಿತ್ತನೆಗೆ ಮುಂಚೆ ಪ್ರತಿ ವರ್ಷ, ಸಾಯುವವರೆಗೂ, ಒಲೆಯ ಪಕ್ಕದ ಮೇಜಿನಲ್ಲಿ ಅದೇ ಕೆಲಸ.

“ಒಂದ್ ಜೊಳ್ಳು ಬಿಡ್ತಿದ್ದಿಲ್ಲಂತ, ಸುಮಾ. ಕಣ್ಣು ಹೋದ ಮ್ಯಾಲೂ ಬೆರಳಲೇ ಆರಸ್ತಿದ್ಲಂತ!”

“ನಾನೂ ದಿನಾ ಬ್ಯಾಳಿ ಆರಸ್ತೀನ್ರಿ. ನನ್ನ ಬೆರಳು ಯಾವಾಗರೆ ನೋಡೀರೇನು?”

ಗಿರೀಶ ನಕ್ಕ. ಮಗಳು ಫೋನಿನಿಂದ ತಲೆಯೆತ್ತದೆ ಹೇಳಿದಳು: “ಅಮ್ಮಾ, ಆರ್ ಯೂ ಜೆಲಸ್ ಆಫ್ ಎ ಡೆಡ್ ಲೇಡಿ?”

ಹೌದು. ಯಾಕೆ ಸುಳ್ಳು ಹೇಳಲಿ? ಹದಿನೆಂಟು ವರ್ಷದಿಂದ ಊಟವಾದ ಮೇಲೆ ನಾವಿಬ್ಬರೂ ಅಪಾರ್ಟ್‌ಮೆಂಟಿನ ಸುತ್ತ ಒಂದು ಸುತ್ತು ನಡೆಯುತ್ತಿದ್ದೆವು. ಇಡೀ ದಿನದಲ್ಲಿ ಅವನು ನನ್ನವನಾಗಿರುತ್ತಿದ್ದುದು ಆ ಅರ್ಧ ಗಂಟೆ. ಆ ಶರತ್ಕಾಲದಲ್ಲಿ ಅವನು ಪೀಟರನ ಗೋಧಿಯನ್ನು ಮನೆಗೆ ತಂದು ಡೈನಿಂಗ್ ಟೇಬಲ್ಲಿನ ಮೇಲೆ ಸುರಿದುಕೊಂಡ. ಕತರೀನಾಳಂತೆ ಒಂದೊಂದೇ ಕಾಳು ಆರಿಸಿ ಬಟ್ಟಲಿಗೆ. ಟಿಕ್… ಟಿಕ್… ಮೂರು ವಾರ. ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ.

“ನೀ ಹೋಗಿ ಬಾ. ಇದೊಂದಿಷ್ಟು ಮುಗಸ್ತೀನಿ.”

ಬಿತ್ತನೆಯ ಹಿಂದಿನ ದಿನ, ಅವನು ಆಫೀಸಿನಲ್ಲಿದ್ದಾಗ, ಆರಿಸಿದ ಗೋಧಿಯ ಚೀಲ ಬಿಚ್ಚಿ ಬಾಣಲೆಯಿಟ್ಟೆ. ಹುರಿದ ಕಾಳು ಮೊಳೆಯುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಸಣ್ಣ ಉರಿ, ಬಣ್ಣ ಬದಲಾಗದಷ್ಟು. ವಾಸನೆ ಉಳಿಯಬಹುದು, ಉಳಿಯಲಿ. ಕೋವಿಡ್ ಬಂದು ಹೋದಾಗಿನಿಂದ ಗಿರೀಶನಿಗೆ ವಾಸನೆ ತಿಳಿಯುವುದಿಲ್ಲ. ಅವನ ಆ ಊನವನ್ನು ಲೆಕ್ಕಕ್ಕೆ ಹಿಡಿದೇ ಬಾಣಲೆಯಿಟ್ಟೆ. ಇದನ್ನು ಬರೆಯುವುದು ಸುಲಭವಲ್ಲ.

ಚೀಲವನ್ನೆಲ್ಲ ಹುರಿಯಬೇಕೆಂದಿದ್ದೆ. ಒಂದು ಹಿಡಿ ಆಗುವಷ್ಟರಲ್ಲಿ ಮನೆತುಂಬ ನನ್ನ ಅವ್ವ ಹಬ್ಬದ ಸಿಹಿ ಮಾದಲಿಗೆ ಗೋಧಿ ಹುರಿಯುವ ವಾಸನೆ. ಒಲೆ ಆರಿಸಿದೆ. ಆ ಒಂದು ಹಿಡಿಯನ್ನು ಉಳಿದ ಕಾಳಿನಲ್ಲಿ ಕಲಸಿ, ಚೀಲದ ಬಾಯಿ ಕಟ್ಟಿಬಿಟ್ಟೆ.

ಬೆಳಕು ಹರಿಯುವಾಗಲೇ ಬಿತ್ತಬೇಕೆಂದು ಆ ರಾತ್ರಿ ನಾವಿಬ್ಬರೂ ಹಳೆಯ ಮನೆಯಲ್ಲೇ ಉಳಿದೆವು. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ, ಚಪಾತಿ, ಶೇಂಗಾ ಚಟ್ನಿ. ಪೀಟರ್ ಮೂರು ಚಪಾತಿ ತಿಂದು ಕತೆ ಹೇಳಿದ. ಅವನ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗೆ:

“ಒಬ್ಬ ನೆರೆಯವನು ಬೇಕಂತಲೇ ತನ್ನ ದನಗಳನ್ನು ನಮ್ಮ ಗೋಧಿಗೆ ನುಗ್ಗಿಸಿದ. ಕತರೀನಾ ದೂರು ಕೊಡಲಿಲ್ಲ. ದನಗಳನ್ನು ಹೊಡೆದುಕೊಂಡು ಹೋಗಿ ಅವನ ಬಾಗಿಲಿಗೇ ಕಟ್ಟಿ ಬಂದಳು. ಒಂದು ಮಾತೂ ಆಡಲಿಲ್ಲ.”

“ಒಂದು ಬೈಗುಳಾನೂ ಇಲ್ಲ?” ಎಂದೆ.

“ಅವನದು ಅವನಿಗೆ. ಅಷ್ಟೇ.”

ಗಿರೀಶ ನಿಟ್ಟುಸಿರಿಟ್ಟ. ನಾನು ಖಾಲಿ ಬುತ್ತಿ ಡಬ್ಬಿ ಎತ್ತಿಕೊಂಡು ತೊಳೆಯಲು ಎದ್ದೆ.

ಪೀಟರ್ ಅಂಗಳದಲ್ಲಿದ್ದ ತನ್ನ ಟ್ರೇಲರ್ ಮನೆಗೆ ಮಲಗಲು ಹೋದ. ಚೀಲವನ್ನು ಒಲೆಯ ಪಕ್ಕದ ಮೇಜಿನ ಮೇಲಿಟ್ಟೆವು. ತೊಳೆದ ಸ್ಟೀಲಿನ ಬುತ್ತಿ ಡಬ್ಬಿಯನ್ನು ನಾನೇ ಅದರ ಬದಿಗೆ ಬೋರಲು ಹಾಕಿದೆ. ಒಳಕೋಣೆಯಲ್ಲಿ ಮಂಚ. ಹೊದಿಕೆ ನಮ್ಮೂರ ಕೌದಿಯಂತೆಯೇ ತುಂಡು ತುಂಡು ಬಟ್ಟೆಯದು, ಒಣ ಹುಲ್ಲಿನ ವಾಸನೆ. ಗಾಳಿ ಇರಲಿಲ್ಲ.

ಎಷ್ಟು ಹೊತ್ತಿಗೋ ಎಚ್ಚರವಾಯಿತು. ಮೊದಲು ಬಂದದ್ದು ವಾಸನೆ. ಹುರಿದ ಗೋಧಿ… ಈಗಷ್ಟೇ ಬಾಣಲೆಯಿಂದ ಇಳಿಸಿದಂತೆ.

ಆಮೇಲೆ ಸದ್ದು.

ಟಿಕ್…

ಟಿಕ್…

ಸ್ಟೀಲಿನ ಮೇಲೆ ಕಾಳು ಬೀಳುವ ಸದ್ದು. ಒಂದೊಂದಾಗಿ, ಅವಸರವಿಲ್ಲದೆ. ಇಲಿ ಎಂದುಕೊಂಡೆ. ಇಲಿ ಹಾಗೆ ತಾಳ ಹಿಡಿಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಅದರ ನಡುವೆ ಇನ್ನೊಂದು ತಾಳ ಸೇರಿಕೊಂಡಿತು. ಸ್ವಲ್ಪ ಭಾರ, ಸ್ವಲ್ಪ ನಿಧಾನ. ಮೂರು ವಾರ ನಮ್ಮ ಮನೆಯಲ್ಲೇ ಕೇಳಿದ್ದೆ ಆ ತಾಳವನ್ನು.

“ರೀ…” ಪಿಸುಗುಟ್ಟಿದೆ.

ಕತ್ತಲಲ್ಲಿ ಪಕ್ಕಕ್ಕೆ ಕೈ ಚಾಚಿದೆ. ಬೆಚ್ಚಗಿನದೇನೋ ತಾಗಿತು. ಅವನ ತೋಳು ಅಂದುಕೊಂಡೆ. ಆ ಮಂಚದ ಹೊದಿಕೆಯೂ ಅಷ್ಟೇ ದಪ್ಪ, ಅಷ್ಟೇ ಬೆಚ್ಚಗಿತ್ತು. ಒತ್ತಿ ನೋಡಲಿಲ್ಲ.

ದೆವ್ವಕ್ಕೆ ನಾನು ಹೆದರಲಿಲ್ಲ. ಎದ್ದು ಹೋದರೆ ಮೇಜಿನ ಎರಡು ಕಡೆ ಅವನೂ ಅವಳೂ ತಲೆ ಬಗ್ಗಿಸಿ ಕೂತಿರುವುದನ್ನು ನೋಡಬೇಕಾದೀತಲ್ಲ… ಅದಕ್ಕೆ ಹೆದರಿದೆ. ಕಣ್ಣು ಮುಚ್ಚಿ, ಬೆಳಗಿನವರೆಗೆ ಎಣಿಸದೆ ಕೇಳುತ್ತ ಮಲಗಿದ್ದೆ. ಕೇಳುತ್ತ ಮಲಗಿದ್ದೆನೋ, ನಿದ್ದೆ ಹೋಗಿದ್ದೆನೋ.

ಬೆಳಗ್ಗೆ ಗಿರೀಶ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ, ಹೆಗಲ ಮೇಲೆ ಚೀಲ. “ಏಳಲೇ, ಬಿಸಲು ಬಂತು. ನಿನ್ನ ಡಬ್ಬಿ ತೊಗೊಂಡ್ ಬಾ.”

ಬೋರಲು ಹಾಕಿದ್ದ ಡಬ್ಬಿ ನೆಟ್ಟಗೆ ನಿಂತಿತ್ತು, ಮುಚ್ಚಳ ಹಾಕಿ. ಎತ್ತಿದರೆ ಭಾರ. ತೆರೆದೆ. ಒಂದು ಹಿಡಿ ಗೋಧಿ. ಒಂದು ಕಾಳು ಹಲ್ಲಿಗೆ ಹಾಕಿದೆ. ಕರುಂ ಎಂದು ಪುಡಿಯಾಯಿತು, ಅವ್ವನ ಮಾದಲಿಯ ರುಚಿ. ಆಗಲೇ ಒಲೆಯ ಬೂದಿಗೆ ಕೈಯಿಟ್ಟದ್ದೆಂದು ಈಗ ತೋರುತ್ತದೆ.

ಡಬ್ಬಿಯನ್ನು ಮನೆಗೆ ತಂದು ಮೇಲಿನ ಕಪಾಟಿಗೆ ಸೇರಿಸಿದೆ. ಡಬ್ಬಿಯ ಇಪ್ಪತ್ತು ಕಾಳುಗಳನ್ನು ಬಾಲ್ಕನಿಯ ಕುಂಡದಲ್ಲಿ ಹಾಕಿ ದಿನಾ ನೀರೆರೆದೆ. ಒಂದೂ ಮೊಳೆಯಲಿಲ್ಲ. ಮಳೆ ಬಿದ್ದ ಮೇಲೆ ಗುಡ್ಡದ ಹೊಲಕ್ಕೆ ಹೋದೆವು. ಸಾಲು ಸಾಲಾಗಿ ಹಸಿರು, ಎಲ್ಲೂ ಬೋಳಿಲ್ಲ.

“ನೋಡಿಲ್ಲಿ, ಒಂದ್ ಕಾಳೂ ಹುಸಿ ಹೋಗಿಲ್ಲ,” ಎಂದ ಗಿರೀಶ. ಹೊಲ ನೋಡಿ ಹೇಳಿದನೋ, ನನ್ನ ಮುಖ ನೋಡಿ ಹೇಳಿದನೋ.

ಈಗ ಊಟವಾದ ಮೇಲೆ ಅವನೇ ಮೊದಲು ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾನೆ. ನಡೆಯುತ್ತೇವೆ. ಒಮ್ಮೊಮ್ಮೆ ಅವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ಏನನ್ನೋ ಆರಿಸುತ್ತಿರುತ್ತವೆ. ಕೇಳಬೇಕೆಂದು ಬಾಯಿ ತೆರೆಯುತ್ತೇನೆ. ಮುಚ್ಚುತ್ತೇನೆ.

ವಾಸನೆ ತಿಳಿಯದವನು ಕತ್ತಲಲ್ಲಿ ಆ ಕಾಳುಗಳನ್ನು ಹೇಗೆ ಗುರುತಿಸಿಯಾನು, ಗೊತ್ತಿಲ್ಲ. ಅವನಲ್ಲದಿದ್ದರೆ ಯಾರು, ಗೊತ್ತಿಲ್ಲ. ಆ ರಾತ್ರಿ ನನ್ನ ಪಕ್ಕದಲ್ಲಿ ಅವನಿದ್ದನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.